ಸಾಕು ಅಂದ ಗಿಡ

ಲೋಕ ಆಗ ಇನ್ನೂ ಹೊಸದು. ಬೆಟ್ಟಗಳು ಆಗತಾನೇ ಕೂತಿದ್ದವು. ಹೊಳೆಗಳಿಗೆ ಯಾವ ಕಡೆ ಹರಿಯಬೇಕು ಅನ್ನೋದು ಸರಿಯಾಗಿ ಅಭ್ಯಾಸ ಆಗಿರಲಿಲ್ಲ. ಮಾತುಗಳೂ ಹೊಸವು. ಮಾತು ಹೊಸದಾಗಿದ್ದಾಗ ಹೇಗಿತ್ತು ಗೊತ್ತಾ? ಒಂದು ಸಲ ಹೇಳಿದರೆ ಆಯಿತು. ಬಾ ಅಂದರೆ ಬರುತ್ತಿದ್ದರು, ಹೋಗು ಅಂದರೆ ಹೋಗುತ್ತಿದ್ದರು. ಈಗ ನಿನ್ನನ್ನು ಊಟಕ್ಕೆ ನಾಲ್ಕು ಸಲ ಕೂಗಿ, ಐದನೇ ಸಲ ಬೈದು, ಆಮೇಲೆ ರಟ್ಟೆ ಹಿಡಿದು ಎಳೆದುಕೊಂಡು ಬರಬೇಕಲ್ಲ, ಆ ಕಷ್ಟ ಆಗ ಯಾರಿಗೂ ಇರಲಿಲ್ಲ.

ಗಿಡಗಳಿಗೂ ಬಾಯಿತ್ತು. ನಗಬೇಡ, ಇತ್ತು. ಮಳೆ ಬರುವಾಗ ಈಗಿನ ಹಾಗೆ ಧೋ ಅಂತ ಸುರಿದುಬಿಡುತ್ತಿರಲಿಲ್ಲ. ಒಂದೊಂದು ಗಿಡದ ಹತ್ತಿರವೂ ಬಗ್ಗಿ, ಬೇಕಾ ಅಂತ ಕೇಳುತ್ತಿತ್ತು. ಬೇಕು ಅಂದವರಿಗೆ ಕೊಡುತ್ತಿತ್ತು. ಸಾಕು ಅಂದ ತಕ್ಷಣ ನಿಲ್ಲಿಸುತ್ತಿತ್ತು. ಭತ್ತ ಮೊಣಕಾಲುದ್ದ ನೀರಲ್ಲಿ ನಿಂತರೂ ಇನ್ನೂ ಬೇಕು ಅನ್ನುತ್ತಿತ್ತು. ಕಳ್ಳಿ ಎರಡು ಹನಿ ಕುಡಿದು ಸಾಕು ಅನ್ನುತ್ತಿತ್ತು. ಮಳೆ ಇಬ್ಬರ ಮಾತನ್ನೂ ನಂಬುತ್ತಿತ್ತು.

ಆ ಕಾಲದಲ್ಲಿ ಒಂದು ಬಂಡೆ ಇತ್ತು. ದೊಡ್ಡ ಮೈ, ಕಡಿಮೆ ಮಾತು. ಅದರ ಬಿರುಕಿನಲ್ಲಿ, ಒಂದು ಹಿಡಿ ಪುಡಿಗಲ್ಲು ಮಣ್ಣಿನಲ್ಲಿ, ನೆರಳಿ ಅನ್ನೋ ಗಿಡ ಬೆಳೆದಿತ್ತು. ಬಂಡೆಗೆ ಅವಳೊಬ್ಬಳೇ ಮಗಳು. ಅಗಲವಾದ ಮೆತ್ತನೆ ಎಲೆ, ಸಣ್ಣ ಕಾಂಡ, ಒಳ್ಳೆ ಚೆಲುವೆ. ಆದರೆ ನಾಜೂಕು ಅಂದರೆ ನಾಜೂಕು. ಬಿಸಿಲು ನೇರ ಬಿದ್ದರೆ ಮೈ ಸುಟ್ಟುಕೊಳ್ಳುತ್ತಿದ್ದಳು. ಗಾಳಿ ಸ್ವಲ್ಪ ಜೋರಾದರೆ ಮುನಿಸು. ನೀರಿನ ವಿಷಯದಲ್ಲಂತೂ ಕೇಳಲೇಬೇಡ. ಒಂದು ಗುಟುಕು ಬೇಕು, ಆ ಗುಟುಕು ಬೇರನ್ನು ತೊಯ್ಯಿಸಿ ಕೆಳಗೆ ಇಳಿದು ಹೋಗಬೇಕು, ಬೇರು ಆರಬೇಕು, ಆಮೇಲೆ ಇನ್ನೊಂದು ಗುಟುಕು. ಬಂಡೆಗೆ ಇದೆಲ್ಲ ಗೊತ್ತಿತ್ತು. ತಾಯಿಗೆ ಮಗಳ ಹೊಟ್ಟೆ ಗೊತ್ತಿರುತ್ತೆ.

ಬಂಡೆಯ ಮೇಲೆ ಒಂದು ದೊಡ್ಡ ಮರ ಬಾಗಿಕೊಂಡು ನೆರಳು ಕೊಡುತ್ತಿತ್ತು. ಒಂದು ಬೇಸಿಗೆಯಲ್ಲಿ ಗಾಳಿ ಆಟವಾಡುತ್ತಾ ಆಡುತ್ತಾ ಆ ಮರವನ್ನು ಬೀಳಿಸಿಬಿಟ್ಟಿತು. ಗಾಳಿಗೂ ಬೇಕು ಅಂತ ಮಾಡಿದ್ದಲ್ಲ. ಲೋಕ ಹೊಸದಲ್ವಾ, ತನ್ನ ಕೈ ಎಷ್ಟು ಜೋರು ಅಂತ ಅದಕ್ಕೇ ಗೊತ್ತಿರಲಿಲ್ಲ. ನೆರಳಿಯ ಮೇಲೆ ಸುಡುಬಿಸಿಲು ಬಿತ್ತು. ಮೂರು ಎಲೆ ಅಂದೇ ಕಂದಿ ಹೋದವು. ಹೀಗೇ ಬಿಟ್ಟರೆ ಬೇಸಿಗೆ ದಾಟೋದಿಲ್ಲ ಅಂತ ಬಂಡೆಗೆ ಗೊತ್ತಾಯಿತು. ಗಾಳಿ ನಾಚಿಕೊಂಡು ಬಂದು, ಲೋಕದಲ್ಲಿ ಒಂದೇ ಒಂದು ಸೂರಿದೆ, ಅಲ್ಲಿ ಕೇಳಿ ನೋಡ್ತೀನಿ ಅಂತ ಹೇಳಿ ಹೋಯಿತು.

ಆ ಸೂರು ಮಾಳಕ್ಕನ ಮನೆಯದು. ಲೋಕದ ಮೊದಲನೇ ಮನೆ ಅದು. ಅವಳ ಗಂಡ ದ್ಯಾವಣ್ಣ ಮಡಕೆ ಮಾಡುತ್ತಿದ್ದ. ಒಂದು ಹನಿ ಸೋರದ ಮಡಕೆ ಅಂದರೆ ದ್ಯಾವಣ್ಣನ ಮಡಕೆ. ಮಾಳಕ್ಕ ಬಂದವರಿಗೆ ಬಡಿಸುತ್ತಿದ್ದಳು. ಆನೆ ಬರಲಿ ಇರುವೆ ಬರಲಿ, ಅವಳ ಮನೆಯಿಂದ ಅರೆಹೊಟ್ಟೆಯಲ್ಲಿ ಯಾರೂ ಹೋಗಿರಲಿಲ್ಲ. ತಿಂದವರು ಏಳಲಾಗದೆ ಅಂಗಳದಲ್ಲೇ ಉರುಳಿಕೊಂಡು ಉಸ್ಸಪ್ಪಾ ಅಂದರೇನೇ ಅವಳಿಗೆ ಸಮಾಧಾನ.

ಸಾಕು ಅನ್ನೋ ಮಾತು ಹಳತಾಗಲು ಶುರುವಾಗಿದ್ದು ಆ ಮನೆಯಲ್ಲೇ. ಅಳಿಲು ಎಲೆಯ ಮೇಲೆ ಕೈ ಅಡ್ಡ ಇಟ್ಟು ಸಾಕು ಅಂದರೆ, ಮಾಳಕ್ಕ ಆ ಕೈ ಮೇಲೇ ಬಡಿಸುತ್ತಿದ್ದಳು. ಕರಡಿ ಎದ್ದು ನಿಂತು ಸಾಕು ಅಂದರೆ, ಭುಜ ಒತ್ತಿ ಕೂರಿಸಿ ಇನ್ನೊಂದು ಸೌಟು ಹಾಕುತ್ತಿದ್ದಳು. ಬಂದವರು ದಾಕ್ಷಿಣ್ಯಕ್ಕೆ ಸಾಕು ಅಂತಾರೆ, ಅದನ್ನ ಕೇಳಿಕೊಂಡು ನಿಲ್ಲಿಸಿದರೆ ನಮ್ಮ ಮರ್ಯಾದೆ ಏನಾಯ್ತು ಅನ್ನೋದು ಅವಳ ಲೆಕ್ಕ. ಈಗಲೂ ಹಾಗೇ ಅಲ್ವಾ? ನಿನ್ನ ದೊಡ್ಡತ್ತೆ ಹೋಳಿಗೆ ಮೇಲೆ ಹೋಳಿಗೆ ಹಾಕಿ, ನೀನು ಅಳುವ ಹಾಗಾದರೂ ಬಿಡಲಿಲ್ಲ. ನಾನೂ ಈ ಮನೆಗೆ ಬಂದ ಹೊಸದರಲ್ಲಿ ಸಾಕು ಸಾಕು ಅಂತ ಹೇಳಿ ಹೇಳಿ ಬಾಯಿ ನೋಯಿಸಿಕೊಂಡವಳೇ. ಯಾರು ಕೇಳಿದರು?

ಆದರೆ ಅಳಿಲಿಗೆ, ಕರಡಿಗೆ ಕಾಲಿತ್ತು. ಹೇಗೋ ಎದ್ದು ಹೋಗಿ, ಎರಡು ದಿನ ಮಲಗಿ ಸುಧಾರಿಸಿಕೊಂಡರು. ಗಿಡಕ್ಕೆ ಕಾಲಿಲ್ಲ.

ಗಾಳಿ ಬಂದು ಕೇಳಿದ್ದೇ ಮಾಳಕ್ಕನಿಗೆ ಖುಷಿಯೋ ಖುಷಿ. ತಾನೇ ಬಂಡೆಯ ಹತ್ತಿರ ಹೋದಳು. ಬಂಡೆ ಮಗಳನ್ನು ಬಿರುಕಿನಿಂದ ಬಿಡಿಸಿ ಕೊಡುವಾಗ ಇಷ್ಟೇ ಹೇಳಿತು.

"ಮೊದಲನೇ ಮಳೆಗೆ ನನ್ನ ಮಗಳನ್ನ ವಾಪಸ್ ತಂದು ಕೊಡು. ಅಲ್ಲೀವರೆಗೆ ಅವಳು ಬೇಕು ಅಂದಾಗ ಕೊಡು, ಸಾಕು ಅಂದಾಗ ನಿಲ್ಲಿಸು. ಬೇರೇನೂ ಮಾಡೋದು ಬೇಡ."

ಮಾಳಕ್ಕ ಹೂಂ ಹೂಂ ಅಂತ ತಲೆಯಾಡಿಸಿದಳು. ದಾರಿಯಲ್ಲಿ ಬರುತ್ತಾ, ಪಾಪ ಈ ಹುಡುಗಿಯನ್ನು ಕಲ್ಲಿನ ಹೊಟ್ಟೆಯಲ್ಲಿಟ್ಟು ಎಷ್ಟು ಜಿಪುಣತನದಲ್ಲಿ ಬೆಳೆಸಿದ್ದಾರಲ್ಲ ಅಂತ ಮನಸ್ಸಿನಲ್ಲೇ ಮರುಗಿದಳು. ನಾನು ಕಳಿಸುವಾಗ ನೋಡಲಿ, ಗುರುತೇ ಸಿಗಬಾರದು ಅಂದುಕೊಂಡಳು.

ಮನೆಗೆ ಬಂದವಳೇ ದ್ಯಾವಣ್ಣನ ಮಡಕೆಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿದಳು. ಮೊಸರಿಗೆ ಅಂತ ಮಾಡಿದ್ದು, ತಳ ಗಟ್ಟಿ, ಎಲ್ಲೂ ಒಂದು ಸೂಜಿಮೊನೆಯಷ್ಟು ತೂತಿಲ್ಲ. ನೆರಳಿಯ ಬೇರಿಗೆ ಅಂಟಿಕೊಂಡಿದ್ದ ಪುಡಿಗಲ್ಲು ಮಣ್ಣನ್ನು ಕೊಡವಿ ಆಚೆ ಎಸೆದಳು. ನೆಂಟರನ್ನು ಯಾರಾದರೂ ಕಲ್ಲಿನ ಮೇಲೆ ಕೂರಿಸುತ್ತಾರಾ? ದ್ಯಾವಣ್ಣ ಮಡಕೆಗೆ ಅಂತ ಕೆರೆಯಿಂದ ತಂದು ನುಣ್ಣಗೆ ತುಳಿದಿಟ್ಟಿದ್ದ ಜೇಡಿಮಣ್ಣನ್ನು ತುಂಬಿ, ಗಟ್ಟಿಯಾಗಿ ಒತ್ತಿ, ಅದರಲ್ಲಿ ನೆರಳಿಯನ್ನು ಕೂರಿಸಿದಳು. ಕಿಟಕಿಯ ಪಕ್ಕ, ತಂಪಾದ ಜಾಗ. ಅದೊಂದನ್ನು ಮಾತ್ರ ಸರಿಯಾಗಿ ಮಾಡಿದಳು.

ಒಂದು ಚೊಂಬು ನೀರು ಹಾಕಿದಳು. ನೆರಳಿ ಕುಡಿದಳು. ದಾರಿಯ ಆಯಾಸ, ನಿಜವಾಗಿಯೂ ಬಾಯಾರಿತ್ತು. ಕುಡಿದು, ಸಾಕು ಅಂದಳು.

ಮಾಳಕ್ಕ ನಕ್ಕು ಇನ್ನೊಂದು ಚೊಂಬು ಹಾಕಿದಳು.

ನೆರಳಿಗೆ ಆಶ್ಚರ್ಯವಾಯಿತು. ಸಾಕು ಅಂದಮೇಲೆ ಬಿದ್ದ ನೀರು ಅವಳ ಜೀವನದಲ್ಲಿ ಅದೇ ಮೊದಲು. ತಾನು ಮೆಲ್ಲಗೆ ಹೇಳಿರಬೇಕು ಅಂದುಕೊಂಡಳು. ಮರುದಿನ ಬೆಳಿಗ್ಗೆ ಮಾಳಕ್ಕ ಚೊಂಬು ಹಿಡಿದು ಬಂದಾಗ ಸ್ವಲ್ಪ ಜೋರಾಗಿ, ಸಾಕು ಮಾಳಕ್ಕ, ನಿನ್ನೆಯದೇ ಇನ್ನೂ ಇದೆ ಅಂದಳು. ಎಷ್ಟು ಸಂಕೋಚದ ಹುಡುಗಿ ಅಂತ ಮಾಳಕ್ಕ ಅವಳ ಎಲೆ ಸವರಿ ಮುತ್ತಿಟ್ಟಳು, ನೀರು ಹಾಕಿದಳು. ಸಂಜೆ ಮತ್ತೆ ಹಾಕಿದಳು. ಪ್ರೀತಿ ಇರಲಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡ. ಪ್ರೀತಿ ಇತ್ತು, ಬೇಕಾದಷ್ಟಿತ್ತು. ಬೈಯೋಕೂ ಆಗದ ಹಾಗೆ ಮಾಡೋದು ಅದೇ.

ಐದಾರು ದಿನ ಹೀಗೇ ನಡೆಯಿತು. ಮೇಲೆ ಹಾಕಿದ ನೀರು ಕೆಳಗೆ ಇಳಿಯಿತು, ಇಳಿದದ್ದು ಆಚೆ ಹೋಗಲು ದಾರಿ ಸಿಗದೆ ಅಲ್ಲೇ ನಿಂತಿತು. ಜೇಡಿಮಣ್ಣು ಬೇರಿಗೆ ಅಂಟಿಕೊಂಡು, ಒಂದು ಎಳ್ಳುಕಾಳಿನಷ್ಟು ಗಾಳಿಗೂ ಜಾಗ ಬಿಡಲಿಲ್ಲ. ನೆರಳಿಗೆ ಅಲ್ಲೇ ಕತ್ತು ಹಿಸುಕಿದ ಹಾಗಾಯಿತು. ಅವಳು ಮಾಳಕ್ಕನನ್ನು ಕರೆದು ಬಿಡಿಸಿ ಹೇಳಿದಳು. ಬೇರು ಕುಡಿಯೋದಷ್ಟೇ ಅಲ್ಲ, ಉಸಿರನ್ನೂ ಆಡಬೇಕು, ನೀರು ನಿಂತರೆ ಉಸಿರು ಕಟ್ಟುತ್ತೆ, ದಯವಿಟ್ಟು ಈ ಮಡಕೆಯನ್ನು ಒಂದು ಸಲ ಬಗ್ಗಿಸು ಅಂತ ಕೇಳಿಕೊಂಡಳು. ಬೇರು ಉಸಿರಾಡೋದನ್ನ ನಾನೆಲ್ಲೂ ಕಂಡಿಲ್ಲಮ್ಮ, ನಿನಗೆ ತಾಯಿ ನೆನಪಾಗಿ ಏನೇನೋ ಆಗ್ತಿದೆ ಅಂತ ಮಾಳಕ್ಕ ಸಮಾಧಾನ ಹೇಳಿದಳು. ಹೇಳಿ, ಸಮಾಧಾನಕ್ಕೆ ಅಂತ ಅರ್ಧ ಚೊಂಬು ಹಾಕಿದಳು.

ಮಾರನೇ ದಿನ ನೆರಳಿಯ ಎಲೆಗಳು ಜೋತುಬಿದ್ದವು.

ಮಾಳಕ್ಕ ಅದನ್ನು ನೋಡಿ ಗಂಡನನ್ನು ಕರೆದಳು. ಬೇಸಿಗೆಯ ಮಧ್ಯಾಹ್ನ ಆಚೆ ಇರುವ ಗಿಡಗಳು ನೀರಿಲ್ಲದೆ ಹೀಗೇ ಎಲೆ ಇಳಿಬಿಡುವುದನ್ನು ಅವಳು ನೂರು ಸಲ ಕಂಡಿದ್ದಳು. ನೋಡಿದ್ರಾ, ಬಾಯಾರಿ ಬಾಯಾರಿ ಹೀಗಾಗಿದೆ, ಬಾಯಲ್ಲಿ ಮಾತ್ರ ಸಾಕು ಸಾಕು ಅಂತಿದ್ದಳು ಅಂದಳು. ದ್ಯಾವಣ್ಣ ಮಣ್ಣಿನ ಮನುಷ್ಯ. ಮಣ್ಣು ಇಷ್ಟು ಹಸಿ ಇದೆಯಲ್ಲೇ ಅಂತ ಅನುಮಾನ ಪಟ್ಟ. ಅವಳು ಸಾಕು ಅಂದಿದ್ದು ನಿಜಾನೇ ಇರಬಹುದಲ್ವಾ ಅಂತಲೂ ಕೇಳಿದ. ಮಡಕೆ ಮಾಡೋದು ನಿಮ್ಮ ಕೆಲಸ, ಬಂದವರನ್ನು ನೋಡಿಕೊಳ್ಳೋದು ನನ್ನ ಕೆಲಸ ಅಂತ ಮಾಳಕ್ಕ ಅಂದಮೇಲೆ ಅವನು ಸುಮ್ಮನಾದ. ಸುಮ್ಮನಾದವರ ಮೇಲೂ ನನಗೆ ಸಿಟ್ಟಿದೆ, ಹೇಳಿಬಿಡ್ತೀನಿ. ಒಂದು ಮಾತು ಗಟ್ಟಿಯಾಗಿ ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅಂದಿನಿಂದ ದಿನಕ್ಕೆ ಮೂರು ಹೊತ್ತು ನೀರು. ಎಲೆ ಇನ್ನಷ್ಟು ಜೋತಿತು. ಎಲೆ ಜೋತಷ್ಟೂ ಇವಳು ಹಾಕಿದಳು, ಇವಳು ಹಾಕಿದಷ್ಟೂ ಎಲೆ ಜೋತಿತು.

ಮಣ್ಣಿನೊಳಗೆ ಒಂದು ಎರೆಹುಳು ಇತ್ತು, ಜೇಡಿಯ ಜೊತೆ ಕೆರೆಯಿಂದ ಬಂದದ್ದು. ಅದು ಒಂದು ದಿನ ಮೇಲೆ ಹತ್ತಿ, ಮಡಕೆಯ ಅಂಚು ದಾಟಿ ಇಳಿಯಿತು. ಕೆರೆಯ ಹುಳುವೇ ತಾಳಲಾರದೆ ಹೊರಟಿದೆ ಅಂದರೆ ಒಳಗಿನ ಸ್ಥಿತಿ ಏನು ಅಂತ ಯೋಚಿಸಬೇಕು ತಾನೇ? ಹೋಗುವಾಗ ಹುಳು, ಕೆಳಗೆ ಬೇರಿನ ತುದಿ ಕಪ್ಪಾಗಿದೆ, ವಾಸನೆ ಶುರುವಾಗಿದೆ ಅಂತ ಮಾಳಕ್ಕನಿಗೆ ಹೇಳಿತು. ಉಂಡ ಮನೆಗೆ ಹೆಸರಿಡುತ್ತೀಯಾ ಅಂತ ಮಾಳಕ್ಕ ಅದನ್ನು ಬೈದು ಕಳಿಸಿದಳು.

ಗಾಳಿಯೂ ಕಿಟಕಿಗೆ ಬಂತು. ಅದಕ್ಕೆ ವಾಸನೆ ದೂರದಿಂದಲೇ ಗೊತ್ತಾಗಿತ್ತು. ತಾನು ಮಾಡಿದ ತಪ್ಪಿಗೆ ಇವಳು ಇಲ್ಲಿಗೆ ಬರಬೇಕಾಯಿತು, ತನ್ನನ್ನು ಒಳಗೆ ಬಿಟ್ಟರೆ ಮಣ್ಣನ್ನಾದರೂ ಒಣಗಿಸುತ್ತೇನೆ ಅಂತ ಅಂಗಲಾಚಿತು. ಮಾಳಕ್ಕನಿಗೆ ಮೈ ಉರಿಯಿತು. ಮರ ಬೀಳಿಸಿದವರು ಬಂದು ನನಗೆ ಬುದ್ಧಿ ಹೇಳೋದಾ ಅಂತ ಕಿಟಕಿ ಹಾಕಿ, ಅಗಣಿ ಜಡಿದಳು. ಇದ್ದ ಅಷ್ಟು ಗಾಳಿಯೂ ಹೋಯಿತು.

ಆಮೇಲೆ ಎಲೆಗಳು ಹಳದಿಯಾದವು. ಕೆಳಗಿನ ಎಲೆ ಮೊದಲು, ಆಮೇಲೆ ಅದರ ಮೇಲಿನದು. ಮಾಳಕ್ಕ ಏನಂದಳು ಗೊತ್ತಾ? ನಮ್ಮ ಹುಡುಗಿ ಅರಿಶಿನ ಹಚ್ಚಿಕೊಂಡಿದ್ದಾಳೆ, ಮೈ ತುಂಬಿಕೊಂಡು ಕಳೆ ಬಂದಿದೆ ಅಂದಳು. ಸಾಯುವವರ ಬಣ್ಣ ನೋಡಿ ಮದುಮಗಳು ಅಂದಳು. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಕಥೆ ನಿಲ್ಲಿಸಿ ಎದ್ದು ಹೋಗೋಣ ಅನ್ನಿಸುತ್ತೆ.

ಅಂದು ಸಂಜೆ ಚೊಂಬು ಬಂದಾಗ ನೆರಳಿ ಕೊನೆಯ ಸಲ ಮಾತಾಡಿದಳು.

"ಮಾಳಕ್ಕ, ನಾನು ಸಾಕು ಅಂದರೆ ನಿನಗೆ ಏನು ಕೇಳಿಸುತ್ತೆ?"

ಮಾಳಕ್ಕನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಎಷ್ಟು ಮುದ್ದಾಗಿ ಮಾತಾಡ್ತೀಯ ಅಂತ ಹೇಳಿ ನೀರು ಹಾಕಿದಳು. ನೆರಳಿ ಬಾಯಿ ಮುಚ್ಚಿದಳು. ಮಾರನೇ ದಿನ ಸಾಕು ಅನ್ನಲಿಲ್ಲ. ಅದರ ಮಾರನೇ ದಿನವೂ ಅನ್ನಲಿಲ್ಲ. ಕೊನೆಗೂ ಹುಡುಗಿಯ ಸಂಕೋಚ ಬಿಟ್ಟಿತು, ಮನೆಯವಳ ಹಾಗಾದಳು ಅಂತ ಮಾಳಕ್ಕ ಹಿಗ್ಗಿದಳು. ಅವತ್ತು ಎರಡು ಚೊಂಬು ಜಾಸ್ತಿ ಹಾಕಿದಳು.

ಮೊದಲನೇ ಮಳೆ ಬಂತು. ಲೋಕವೆಲ್ಲ ತಿರುಗಿ, ಬೇಕಾ ಬೇಕಾ ಅಂತ ಕೇಳುತ್ತಾ, ಮಾಳಕ್ಕನ ಕಿಟಕಿಗೂ ಬಂದು ಕೇಳಿತು. ಒಳಗಿನಿಂದ ಉತ್ತರ ಬರಲಿಲ್ಲ. ಮಳೆಗೆ ಉತ್ತರ ಬಾರದೇ ಇದ್ದದ್ದು ಅದೇ ಮೊದಲು. ಏನು ಮಾಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ಸೂರಿನ ಅಂಚಿನಲ್ಲೇ ತೊಟ್ಟಿಕ್ಕುತ್ತಾ ನಿಂತಿತ್ತು.

ಮಾತು ಕೊಟ್ಟ ಹಾಗೆ ಮಾಳಕ್ಕ ಮಡಕೆ ಹೊತ್ತು ಹೊರಟಳು. ಮಡಕೆ ತುಂಬಾ ಭಾರವಾಗಿತ್ತು, ಸೊಂಟ ಹಿಡಿಯಿತು. ಆ ಭಾರ ನೀರಿನದು. ಅವಳಿಗೆ ಅದು ನೆರಳಿ ಬೆಳೆದ ಭಾರ ಅನ್ನಿಸಿತು. ಗಾಳಿ ದೂರದಲ್ಲೇ ಹಿಂದೆ ಹಿಂದೆ ಬಂತು.

ಬಂಡೆ ಕಾಯುತ್ತಿತ್ತು. ಬಿರುಕನ್ನು ಗುಡಿಸಿ, ಹೊಸ ಪುಡಿಗಲ್ಲು ಮಣ್ಣು ಹಾಕಿ ಇಟ್ಟಿತ್ತು. ಮಾಳಕ್ಕ ಮಡಕೆ ಇಳಿಸಿ, ನೆರಳಿಯ ಕಾಂಡಕ್ಕೆ ಕೈ ಹಾಕಿ ಮೆಲ್ಲಗೆ ಎತ್ತಿದಳು.

ಕಾಂಡ ಕೈಗೆ ಬಂತು. ಅಷ್ಟೇ ಬಂತು. ಕೆಳಗೆ ಬೇರಿರಲಿಲ್ಲ. ಬೇರಿದ್ದ ಜಾಗದಲ್ಲಿ ಕಪ್ಪು ಲೋಳೆ, ಕೊಳೆತ ವಾಸನೆ. ಮಾಳಕ್ಕ ಮಡಕೆಯೊಳಗೆ ಕೈ ಹಾಕಿ ಕೆಸರಲ್ಲಿ ತಡಕಿದಳು. ಮೊಣಕೈತನಕ ಕೆಸರು ಮಾಡಿಕೊಂಡು ತಡಕಿದಳು. ಏನೂ ಸಿಗಲಿಲ್ಲ.

 ನೀರು ಕೊಡಲಿಲ್ಲವಾ ಅಂತ ಬಂಡೆ ಕೇಳಿತು.

ಕೊಟ್ಟೆ ಅಂದಳು ಮಾಳಕ್ಕ. ಮೂರು ಹೊತ್ತೂ ಕೊಟ್ಟೆ, ನಾನು ಕುಡಿಯುವ ಮೊದಲು ಅವಳಿಗೇ ಕೊಟ್ಟೆ, ಒಂದು ದಿನವೂ ತಪ್ಪಿಸಲಿಲ್ಲ ಅಂತ ಅಳುತ್ತಾ ಹೇಳಿದಳು. ಹೇಳಿದ್ದೆಲ್ಲ ನಿಜವೇ.

"ಅವಳು ಏನಂದಳು?" ಅಂತ ಬಂಡೆ ಕೇಳಿತು.

 ಅಷ್ಟು ದಿನ ಮಾಳಕ್ಕನ ಕಿವಿಯ ಮೇಲೆ ಬಿದ್ದು ಜಾರಿಹೋಗಿದ್ದ ಆ ಮಾತು ಆಗ ಒಳಗೆ ಇಳಿಯಿತು.

"ಸಾಕು ಅಂದಳು."

"ಎಷ್ಟು ಸಲ?"

  ಮಾಳಕ್ಕ ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

ಕಾಂಡದ ತುದಿಯಲ್ಲಿ ಒಂದೇ ಒಂದು ಎಲೆ ಇನ್ನೂ ಹಸಿರಾಗಿತ್ತು, ಬೆರಳುಗುರಿನಷ್ಟು ಚಿಕ್ಕದು. ಮಾಳಕ್ಕ ಅದನ್ನು ಎರಡು ಕೈಯಲ್ಲಿ ಹಿಡಿದು, ಇದು ಬದುಕುತ್ತೆ, ಇದನ್ನಾದರೂ ನಿನ್ನ ಬಿರುಕಿನಲ್ಲಿ ಇಟ್ಟುಕೋ ಅಂತ ಬಂಡೆಯನ್ನು ಬೇಡಿಕೊಂಡಳು.

"ಅದನ್ನ ನೀನೇ ಇಟ್ಕೋ," ಅಂದಿತು ಬಂಡೆ. "ಅದು ಬದುಕುತ್ತೆ. ಆದರೆ ಮಾತಾಡಲ್ಲ. ನಾನು ನಿನ್ನ ಕೈಗೆ ಕೊಟ್ಟಿದ್ದು ಮಾತಾಡೋ ಮಗಳನ್ನ."

ಬಂಡೆ ಅದಾದಮೇಲೆ ಯಾರ ಹತ್ತಿರವೂ ಒಂದು ಮಾತೂ ಆಡಿಲ್ಲ. ಬೇಕಾದರೆ ಯಾವ ಬಂಡೆಯನ್ನಾದರೂ ಮಾತಾಡಿಸಿ ನೋಡು.

ಸುದ್ದಿ ಹಬ್ಬಿಸಿದ್ದು ಗಾಳಿ. ಅದು ಯಾರಿಗೂ ಹೆಚ್ಚು ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ. ಗಿಡಗಳು ಸಭೆ ಸೇರಲಿಲ್ಲ, ಶಾಪ ಹಾಕಲಿಲ್ಲ. ಒಂದೊಂದಾಗಿ ಬಾಯಿ ಮುಚ್ಚಿದವು. ಮೊದಲು ನಾಜೂಕಿನವು, ಆಮೇಲೆ ಗಟ್ಟಿಮುಟ್ಟಾದವು. ಕೊನೆಗೆ ಭತ್ತವೂ ಸುಮ್ಮನಾಯಿತು. ಮಳೆ ಇನ್ನೊಂದು ವರ್ಷ ಬೇಕಾ ಬೇಕಾ ಅಂತ ಕೇಳುತ್ತಲೇ ತಿರುಗಿತು. ಯಾರೂ ಉತ್ತರ ಕೊಡದಿದ್ದಾಗ ಬೇಸತ್ತು, ಕೇಳದೇ ಸುರಿಯಲು ಶುರು ಮಾಡಿತು. ಒಂದು ಕಡೆ ಜಾಸ್ತಿ, ಒಂದು ಕಡೆ ಇಲ್ಲವೇ ಇಲ್ಲ. ಈಗ ಅದನ್ನು ಬೈದು ಏನು ಪ್ರಯೋಜನ?

ಮಾಳಕ್ಕ ಆ ಚಿಕ್ಕ ಎಲೆಯನ್ನು ಮನೆಗೆ ತಂದಳು. ದ್ಯಾವಣ್ಣನಿಗೆ ಒಂದು ಮಡಕೆಯ ತಳಕ್ಕೆ ತೂತು ಹಾಕಿಕೊಡಲು ಹೇಳಿದಳು. ಒಂದು ಹನಿ ಸೋರದ ಮಡಕೆ ಮಾಡಿ ಹೆಸರಾದವನಿಗೆ ತನ್ನ ಕೈಯಾರೆ ತೂತು ಕೊರೆಯೋದು ಎಷ್ಟು ಕಷ್ಟ ಯೋಚಿಸು. ಆದರೂ ತಲೆ ತಗ್ಗಿಸಿಕೊಂಡು ಕೊರೆದ, ಒಂದಲ್ಲ ಮೂರು. ಒರಟು ಮಣ್ಣು, ಪುಡಿಗಲ್ಲು ತಂದು ತುಂಬಿಸಿ, ಮುಚ್ಚಿದ್ದ ಕಿಟಕಿ ತೆಗೆದು, ಅಲ್ಲಿ ಎಲೆಯನ್ನು ನೆಟ್ಟರು. ಬೇರು ಬಂತು, ಚಿಗುರು ಬಂತು. ಇವತ್ತು ಮನೆಮನೆಯ ಕುಂಡದಲ್ಲಿ ಇರುವ ನಾಜೂಕಿನ ಗಿಡಗಳೆಲ್ಲ ಆ ಒಂದು ಎಲೆಯ ಸಂತಾನ.

ಮಾಳಕ್ಕ ದಿನಾ ಬೆಳಿಗ್ಗೆ ಕುಂಡದ ಮುಂದೆ ಕೂತು, ಬೇಕಾ, ಸಾಕಾ ಅಂತ ಕೇಳುತ್ತಿದ್ದಳು. ಕಿವಿ ಎಲೆಗೆ ತಾಗಿಸಿ ಕಾಯುತ್ತಿದ್ದಳು. ಅಷ್ಟು ಚೆನ್ನಾಗಿ ಅವಳು ಜೀವನದಲ್ಲಿ ಯಾರ ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಆದರೆ ಕೇಳಿಸಿಕೊಳ್ಳೋಕೆ ಏನೂ ಉಳಿದಿರಲಿಲ್ಲ. ಬೇರೆ ದಾರಿ ಕಾಣದೆ ಅವಳು ಮಣ್ಣಿನೊಳಗೆ ಬೆರಳು ಚುಚ್ಚಿ ನೋಡುವುದನ್ನು ಕಲಿತಳು. ಎರಡು ಗೆಣ್ಣು ಆಳದಲ್ಲೂ ಒಣಗಿದ್ದರೆ ನೀರು ಹಾಕುತ್ತಿದ್ದಳು, ಹಸಿ ತಾಗಿದರೆ ಚೊಂಬು ಹಿಡಿದುಕೊಂಡು ವಾಪಸ್ ಹೋಗುತ್ತಿದ್ದಳು. ಮುದುಕಿಯಾಗಿ ಕಣ್ಣು ಮಂಜಾಗುವವರೆಗೂ ಹೀಗೇ ಮಾಡಿದಳು. ಗಿಡ ಚೆನ್ನಾಗಿ ಬೆಳೆಯಿತು. ಅವಳ ಕಡೆ ತಿರುಗಿ ಒಂದು ಮಾತೂ ಆಡಲಿಲ್ಲ.

ಅದಕ್ಕೇ ಮಗಾ, ಇವತ್ತಿಗೂ ಕುಂಡದ ಗಿಡ ಬಾಯಾರಿದಾಗಲೂ ಎಲೆ ಜೋಲುಹಾಕುತ್ತೆ, ನೀರಲ್ಲಿ ಕೊಳೆಯುತ್ತಿರುವಾಗಲೂ ಹಾಗೇ ಎಲೆ ಜೋಲುಹಾಕುತ್ತೆ, ಯಾವುದು ಅಂತ ಮಾತ್ರ ನಮಗೆ ಹೇಳೋದಿಲ್ಲ.